ಬೆಳಕು ಕೊಟ್ಟ ಗುರುತು: ರಸಾಯನ ವಿಜ್ಞಾನಿ ರಾಬರ್ಟ್ ವುಡ್‌ವರ್ಡ್

ಕಾಸರಗೋಡು ಕಡೆಯ ಗುಡ್ಡಗಳಲ್ಲಿ ಕಾಸರಕದ ಮರ ಬೆಳೆಯುತ್ತದೆ. ಊರಿಗೆ ಹೆಸರು ಬಂದದ್ದೇ ಈ ಮರದಿಂದ ಎಂಬ ಅಭಿಪ್ರಾಯವೂ ಇದೆ. ಕಿತ್ತಳೆ ಬಣ್ಣದ ಅದರ ಹಣ್ಣಿನೊಳಗಿನ ಬಿಲ್ಲೆಯಂಥ ಬೀಜ ಕಡು ವಿಷ. ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ 1860ರ ದಶಕದಿಂದ ಸರ್ಕಾರದ ಸಿಂಕೋನಾ ತೋಟಗಳಿದ್ದವು. ಆ ಮರದ ತೊಗಟೆಯಿಂದ ಮಲೇರಿಯಾ ಜ್ವರದ ಮದ್ದು ಕ್ವಿನೈನ್ ತೆಗೆಯುತ್ತಿದ್ದರು. ಪಶ್ಚಿಮ ಘಟ್ಟದ ಕಾಡಿನ ನೆರಳಿನಲ್ಲಿ ಸರ್ಪಗಂಧಿ ಎಂಬ ಪುಟ್ಟ ಗಿಡ ಬೆಳೆಯುತ್ತದೆ. ಅದರ ಬೇರು ನಾಟಿ ವೈದ್ಯರಿಗೆ ಹಳೆಯ ಪರಿಚಯ.

ಮೂರೂ ನಮ್ಮ ಗಡಿನಾಡಿನ ಮಕ್ಕಳು ಕಂಡಿರಬಹುದಾದ, ಕೇಳಿರಬಹುದಾದ ಗಿಡಮರಗಳು. ಕಾಸರಕದ ಬೀಜದಲ್ಲಿರುವುದು ಸ್ಟ್ರಿಕ್ನಿನ್, ಸಿಂಕೋನಾ ತೊಗಟೆಯಲ್ಲಿರುವುದು ಕ್ವಿನೈನ್, ಸರ್ಪಗಂಧಿಯ ಬೇರಿನಲ್ಲಿರುವುದು ರೆಸರ್ಪಿನ್. ಈ ಮೂರು ವಸ್ತುಗಳ ಇತಿಹಾಸದಲ್ಲೂ ಒಂದು ಹೆಸರು ತಪ್ಪದೆ ಬರುತ್ತದೆ. ಅದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕ ಕೆಲಸ ಮಾಡಿದ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ ಅವರ ಹೆಸರು. ಅವರಿಗೆ 1965ರ ರಸಾಯನ ವಿಜ್ಞಾನದ ನೊಬೆಲ್ ಬಂದದ್ದು ಅಣುಗಳನ್ನು ಕಟ್ಟಿದ ಕೌಶಲಕ್ಕೆ. ಆದರೆ ಕಟ್ಟುವ ಮೊದಲು ಅಣು ಹೇಗಿದೆ ಎಂದು ತಿಳಿಯಬೇಕಲ್ಲ? ಅದನ್ನು ಬೆಳಕಿನಿಂದ ತಿಳಿಯುವ ವಿದ್ಯೆಯನ್ನು ರಸಾಯನ ವಿಜ್ಞಾನಿಗಳ ದಿನನಿತ್ಯದ ಉಪಕರಣವಾಗಿಸಿದವರಲ್ಲಿ ವುಡ್‌ವರ್ಡ್ ಮುಂದಿನ ಸಾಲಿನವರು. ಈ ವಾರ ಅವರ ಬದುಕಿನ ಕಥೆ.

ಕಾಲೇಜಿನಿಂದ ಹೊರಬಿದ್ದ ಹುಡುಗ

ವುಡ್‌ವರ್ಡ್ ಹುಟ್ಟಿದ್ದು 1917ರ ಏಪ್ರಿಲ್ 10ರಂದು, ಬೋಸ್ಟನ್ ನಗರದಲ್ಲಿ. ಮರುವರ್ಷವೇ ಜಗತ್ತಿನಾದ್ಯಂತ ಹರಡಿದ ಇನ್‌ಫ್ಲುಯೆಂಜಾ ಪಿಡುಗಿಗೆ ತಂದೆ ತೀರಿಕೊಂಡರು. ತಾಯಿ ಮಾರ್ಗರೆಟ್ ಸ್ಕಾಟ್ಲೆಂಡಿನ ಗ್ಲಾಸ್ಗೋ ಮೂಲದವರು. ಬೋಸ್ಟನ್ ಪಕ್ಕದ ಕ್ವಿನ್ಸಿ ಎಂಬ ಊರಿನಲ್ಲಿ ಅವರು ಕಷ್ಟದಲ್ಲೇ ಮಗನನ್ನು ಸಾಕಿದರು. ಹುಡುಗ ಓದಿದ್ದು ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ.

ರಸಾಯನದ ಹುಚ್ಚು ಬಹಳ ಬೇಗ ಹಿಡಿಯಿತು. ಮನೆಯಲ್ಲೇ ಸಣ್ಣ ಪ್ರಯೋಗಗಳನ್ನು ಮಾಡುತ್ತ ಹೈಸ್ಕೂಲು ಮುಗಿಸುವ ಹೊತ್ತಿಗೆ ಅವನು ಕಾಲೇಜಿನ ಪಾಠಗಳನ್ನು ತಾನಾಗಿಯೇ ಓದಿ ಮುಗಿಸಿದ್ದ. ಆ ಕಾಲದಲ್ಲಿ ಸಾವಯವ ರಸಾಯನದ ಮುಖ್ಯ ಸಂಶೋಧನೆಗಳು ಅಚ್ಚಾಗುತ್ತಿದ್ದದ್ದು ಜರ್ಮನ್ ಭಾಷೆಯಲ್ಲಿ. ಹುಡುಗ ಬೋಸ್ಟನ್‌ನಲ್ಲಿದ್ದ ಜರ್ಮನ್ ಕಾನ್ಸುಲೇಟ್ ಕಚೇರಿಯ ಮೂಲಕ ಜರ್ಮನ್ ಸಂಶೋಧನಾ ಪತ್ರಿಕೆಯ ಕೆಲವು ಸಂಚಿಕೆಗಳನ್ನು ತರಿಸಿಕೊಂಡ. ಡೀಲ್ಸ್ ಮತ್ತು ಆಲ್ಡರ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು 1928ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನ ಆ ಕಟ್ಟಿನಲ್ಲಿತ್ತು. ಮನೆಮಾತಲ್ಲದ ಭಾಷೆಯಲ್ಲಿದ್ದ ಲೇಖನವನ್ನು ಅವನು ಬಿಡಿಸಿ ಓದಿದ. ಅದರಲ್ಲಿದ್ದ ರಸಾಯನ ಕ್ರಿಯೆಯನ್ನು ಮುಂದೆ ತನ್ನ ದೊಡ್ಡ ಕೆಲಸಗಳಲ್ಲಿ ಮತ್ತೆ ಮತ್ತೆ ಬಳಸಿದ.

1933ರಲ್ಲಿ, 16ನೆಯ ವಯಸ್ಸಿಗೆ, ಅವರು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸೇರಿದರು. ಇಂದು ಎಲ್ಲರೂ ಎಂ.ಐ.ಟಿ. ಎನ್ನುವ ಸಂಸ್ಥೆ ಅದು. ಅಲ್ಲಿ ಎಡವಟ್ಟಾಯಿತು. ರಸಾಯನ ಬಿಟ್ಟು ಉಳಿದ ವಿಷಯಗಳ ತರಗತಿಗಳ ಕಡೆ ಅವರು ಗಮನವನ್ನೇ ಕೊಡಲಿಲ್ಲ. 1934ರ ಕೊನೆಗೆ ಸಂಸ್ಥೆ ಅವರನ್ನು ಹೊರಗೆ ಹಾಕಿತು. ತಂದೆಯಿಲ್ಲದ, ಹಣವಿಲ್ಲದ 17ರ ಹುಡುಗನ ಓದು ಅಲ್ಲಿಗೇ ನಿಲ್ಲಬಹುದಿತ್ತು.

ನಿಲ್ಲಲಿಲ್ಲ. ಹುಡುಗನಲ್ಲಿರುವುದು ಸೋಮಾರಿತನವಲ್ಲ, ಹಸಿವು ಎಂದು ಗುರುತಿಸಿದ ಅಧ್ಯಾಪಕರು ಅಲ್ಲಿದ್ದರು. 1935ರಲ್ಲಿ ಮತ್ತೆ ಸೇರಿಸಿಕೊಂಡರು. ತರಗತಿಗೆ ಬರಬೇಕೆಂಬ ಕಟ್ಟುಪಾಡನ್ನು ಸಡಿಲಿಸಿ, ಪರೀಕ್ಷೆಗಳನ್ನು ಬರೆದರೆ ಸಾಕೆಂದರು, ಪ್ರಯೋಗಾಲಯದಲ್ಲಿ ಜಾಗ ಕೊಟ್ಟರು. 1936ರಲ್ಲಿ ಪದವಿ, 1937ರಲ್ಲಿ ಡಾಕ್ಟರೇಟ್. ಆಗ ಅವರಿಗೆ 20 ವರ್ಷ. ಅದೇ ವರ್ಷ ಹಾರ್ವರ್ಡಿಗೆ ಬಂದರು, ಕೊನೆಯವರೆಗೂ ಅಲ್ಲಿಯೇ ಉಳಿದರು.

ಮುರಿದು ನೋಡುವ ಕಾಲ

ಆ ದಿನಗಳಲ್ಲಿ ಒಂದು ಸಾವಯವ ವಸ್ತುವಿನ ಅಣು ಹೇಗಿದೆ ಎಂದು ತಿಳಿಯಲು ಇದ್ದದ್ದು ಬಹುತೇಕ ಒಂದೇ ದಾರಿ. ಅದನ್ನು ಮುರಿಯುವುದು. ಆಮ್ಲ ಹಾಕಿ ಕುದಿಸು, ಕ್ಷಾರ ಹಾಕಿ ಕಾಯಿಸು, ಉತ್ಕರ್ಷಿಸು. ಸಿಕ್ಕ ತುಂಡುಗಳನ್ನು ಶುದ್ಧ ಮಾಡಿ, ಯಾವುದು ಏನೆಂದು ಗುರುತಿಸಿ, ಮೊದಲಿನ ಆಕಾರ ಏನಿದ್ದಿರಬಹುದೆಂದು ಊಹಿಸು. ಒಡೆದ ಗಡಿಗೆಯ ಚೂರುಗಳನ್ನು ನೋಡಿ ಗಡಿಗೆಯ ಚಿತ್ರ ಬರೆದಂತೆ. ಚೂರುಗಳು ಹಲವು ಬಾರಿ ಮುರಿಯುವ ಹೊತ್ತಿನಲ್ಲೇ ತಮ್ಮ ರೂಪ ಬದಲಿಸಿಕೊಂಡು ದಾರಿ ತಪ್ಪಿಸುತ್ತಿದ್ದವು.

ಸ್ಟ್ರಿಕ್ನಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವಾಂತು ಅದನ್ನು ಶುದ್ಧವಾಗಿ ಬೇರ್ಪಡಿಸಿದ್ದು 1818ರಲ್ಲಿ. ಎರಡು ವರ್ಷದ ಬಳಿಕ ಅದೇ ಜೋಡಿ ಕ್ವಿನೈನನ್ನೂ ಬೇರ್ಪಡಿಸಿತು. ಆದರೆ ಸ್ಟ್ರಿಕ್ನಿನ್ ಅಣುವಿನ ಸರಿಯಾದ ರಚನೆ ಗೊತ್ತಾಗಲು 1940ರ ದಶಕದವರೆಗೆ, ಅಂದರೆ ಸುಮಾರು 130 ವರ್ಷ ಕಾಯಬೇಕಾಯಿತು. ಅದರಲ್ಲಿರುವುದು 21 ಕಾರ್ಬನ್, 22 ಹೈಡ್ರೋಜನ್, 2 ನೈಟ್ರೋಜನ್ ಮತ್ತು 2 ಆಕ್ಸಿಜನ್ ಪರಮಾಣುಗಳು ಮಾತ್ರ. ಅವು ಒಂದಕ್ಕೊಂದು ಹೆಣೆದುಕೊಂಡ ರೀತಿಯೇ ತಲೆಮಾರುಗಳ ವಿಜ್ಞಾನಿಗಳನ್ನು ದಣಿಸಿತು.

ಕಣ್ಣಿಗೆ ಕಾಣದ ಎರಡು ಬೆಳಕು

ಮುರಿಯದೆ ತಿಳಿಯುವ ದಾರಿಯ ಬೀಜ ಬಹಳ ಹಿಂದೆಯೇ ಬಿದ್ದಿತ್ತು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಒಡೆದು, ಒಂದೊಂದು ಬಣ್ಣದ ಮೇಲೂ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪಿನಾಚೆ, ಏನೂ ಕಾಣದ ಜಾಗದಲ್ಲೂ ಬಿಸಿ ಇತ್ತು. ಅದೇ ಅವಗೆಂಪು ಕಿರಣ. ಮರುವರ್ಷ ಜರ್ಮನಿಯ ರಿಟ್ಟರ್, ನೇರಳೆಯಾಚೆ ಬೆಳ್ಳಿಯ ಲವಣವನ್ನು ಕಪ್ಪಾಗಿಸುವ ಇನ್ನೊಂದು ಕಾಣದ ಕಿರಣವನ್ನು ಕಂಡರು. ಅದು ಅತಿನೇರಳೆ.

ಒಂದು ವಸ್ತುವಿನ ಮೂಲಕ ಈ ಕಿರಣಗಳನ್ನು ಹಾಯಿಸಿದರೆ ಅಣುಗಳು ತಮಗೆ ಒಗ್ಗುವ ಕೆಲವನ್ನು ಮಾತ್ರ ಹೀರಿ, ಉಳಿದವನ್ನು ಬಿಟ್ಟುಬಿಡುತ್ತವೆ. ಯಾವುದನ್ನು ಎಷ್ಟು ಹೀರಿತು ಎಂದು ಗೆರೆ ಎಳೆದರೆ ಬರುವ ನಕ್ಷೆಯೇ ಹೀರಿಕೆಯ ರೋಹಿತ.

ಅವಗೆಂಪು ಕಿರಣ ಹೇಳುವುದು ಬಂಧಗಳ ಕಥೆ. ಪರಮಾಣುಗಳ ನಡುವಿನ ಬಂಧ ಗಟ್ಟಿ ಕೋಲಲ್ಲ, ಸ್ಪ್ರಿಂಗಿನ ಹಾಗೆ ಸದಾ ಕಂಪಿಸುತ್ತಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಎತ್ತರಕ್ಕೆ ಹೋಗುತ್ತದಷ್ಟೆ. ಹಾಗೆಯೇ ಪ್ರತಿಯೊಂದು ಬಂಧವೂ ತನ್ನ ಲಯಕ್ಕೆ ಹೊಂದುವ ಕಿರಣವನ್ನಷ್ಟೇ ಹೀರುತ್ತದೆ. ಈ ಲಯವನ್ನು ವಿಜ್ಞಾನಿಗಳು ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳಿವೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಅದಕ್ಕೆ ತರಂಗಸಂಖ್ಯೆ ಎಂದು ಹೆಸರು.

ಹತ್ತನೆಯ ತರಗತಿಯ ಮಕ್ಕಳಿಗೆ ಗೊತ್ತಿರುವ ಎಥನಾಲನ್ನೇ ತೆಗೆದುಕೊಳ್ಳಿ. ಅದರಲ್ಲಿ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ಡೈಮಿಥೈಲ್ ಈಥರ್ ಎಂಬ ಅನಿಲದಲ್ಲೂ ಅಷ್ಟೇ ಪರಮಾಣುಗಳು. ಅಣುಸೂತ್ರ ನೋಡಿ ಎರಡನ್ನು ಬೇರೆ ಮಾಡಲಾಗದು. ಆದರೆ ಎಥನಾಲಿನಲ್ಲಿ ಆಕ್ಸಿಜನ್‌ಗೆ ಹೈಡ್ರೋಜನ್ ಅಂಟಿಕೊಂಡಿದೆ. ಆ ಬಂಧ ದ್ರವರೂಪದಲ್ಲಿ 3200ರಿಂದ 3550ರ ನಡುವೆ ಅಗಲವಾದ ದೊಡ್ಡ ಗುಂಡಿಯನ್ನು ರೋಹಿತದಲ್ಲಿ ತೋಡುತ್ತದೆ. ಈಥರಿನಲ್ಲಿ ಆ ಬಂಧವೇ ಇಲ್ಲ, ಗುಂಡಿಯೂ ಇಲ್ಲ. ಒಂದು ಹನಿಯನ್ನೂ ಮುರಿಯದೆ ಉತ್ತರ ಸಿಕ್ಕಿತು. ಅಮೆರಿಕದ ವಿಲಿಯಂ ಕೋಬ್ಲೆಂಟ್ಜ್ 1905ರಲ್ಲಿಯೇ ನೂರಕ್ಕೂ ಹೆಚ್ಚು ವಸ್ತುಗಳ ಇಂಥ ರೋಹಿತಗಳನ್ನು ಅಳೆದು ಪ್ರಕಟಿಸಿದ್ದರು.

ಅತಿನೇರಳೆ ಕಿರಣ ಹೇಳುವುದು ಎಲೆಕ್ಟ್ರಾನುಗಳ ಕಥೆ. ಕಾರ್ಬನ್ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳಿದ್ದರೆ ಅಲ್ಲಿನ ಎಲೆಕ್ಟ್ರಾನುಗಳು ಸುಲಭವಾಗಿ ಮೇಲಿನ ಮಟ್ಟಕ್ಕೆ ಜಿಗಿಯುತ್ತವೆ. ಇಂಥ ಜೋಡಣೆಗೆ ಸಂಯುಗ್ಮನ ಎನ್ನುತ್ತಾರೆ. ಸಾಲು ಉದ್ದವಾದಷ್ಟೂ ಹೀರಿಕೆ ಹೆಚ್ಚು ಉದ್ದದ ಅಲೆಗಳ ಕಡೆ, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಕಡೆ ಸರಿಯುತ್ತದೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್‌ನಲ್ಲಿ ಇಂಥ 11 ದ್ವಿಬಂಧಗಳ ಸಾಲಿದೆ. ಅದು ಸುಮಾರು 450 ನ್ಯಾನೋಮೀಟರ್ ಅಲೆಯ ನೀಲಿ ಬೆಳಕನ್ನು ಹೀರುತ್ತದೆ. ನಮಗೆ ಉಳಿದದ್ದು ಕಿತ್ತಳೆ ಬಣ್ಣ.

24ರ ತರುಣನ ನಿಯಮ

ಅತಿನೇರಳೆ ರೋಹಿತಗಳನ್ನು ಅಳೆದವರು ವುಡ್‌ವರ್ಡ್ ಅವರಿಗಿಂತ ಮುಂಚೆಯೂ ಬೇಕಾದಷ್ಟು ಜನ ಇದ್ದರು. ಅಂಕಿಗಳು ಬೇರೆ ಬೇರೆ ಪತ್ರಿಕೆಗಳಲ್ಲಿ ಚೆದುರಿ ಬಿದ್ದಿದ್ದವು. ವುಡ್‌ವರ್ಡ್ ಮಾಡಿದ್ದು ಅವನ್ನು ಒಟ್ಟಿಗೆ ತಂದು ಸಾಲಾಗಿ ಜೋಡಿಸುವ ಕೆಲಸ. ಒಬ್ಬರು ಆಲ್ಕೊಹಾಲಿನಲ್ಲಿ, ಇನ್ನೊಬ್ಬರು ಹೆಕ್ಸೇನಿನಲ್ಲಿ ಕರಗಿಸಿ ಅಳೆದಿದ್ದರೆ ಅಂಕಿ ತುಸು ಬದಲಾಗುತ್ತದೆ. ಆ ವ್ಯತ್ಯಾಸವನ್ನು ಸರಿಪಡಿಸಿಕೊಂಡರು. ಆಮೇಲೆ ನೋಡಿದರೆ ಗೊಂದಲದೊಳಗೆ ಒಂದು ಕ್ರಮವಿತ್ತು.

ಕೀಟೋನಿನ ಕಾರ್ಬನ್-ಆಕ್ಸಿಜನ್ ಜೋಡಿಯ ಪಕ್ಕದಲ್ಲೇ ಒಂದು ಕಾರ್ಬನ್ ದ್ವಿಬಂಧವಿದ್ದರೆ, ಆ ದ್ವಿಬಂಧಕ್ಕೆ ಅಂಟಿದ ಗುಂಪುಗಳನ್ನು ಎಣಿಸಿದರೆ ಸಾಕು, ಹೀರಿಕೆಯ ಜಾಗ ಮೊದಲೇ ಹೇಳಬಹುದು. ಒಂದು ಗುಂಪಿದ್ದರೆ ಸುಮಾರು 225, ಎರಡಿದ್ದರೆ 239, ಮೂರಿದ್ದರೆ 254 ನ್ಯಾನೋಮೀಟರ್. ಹೆಚ್ಚೆಂದರೆ ಐದು ಆಚೀಚೆ. 1941ರಲ್ಲಿ ಇದನ್ನು ಪ್ರಕಟಿಸಿದಾಗ ವುಡ್‌ವರ್ಡ್ ಅವರಿಗೆ 24 ವರ್ಷ. ಮರುವರ್ಷ ಎರಡು ದ್ವಿಬಂಧಗಳು ಜೊತೆಯಾಗಿರುವ ಡೈಯೀನ್‌ಗಳಿಗೂ ಇಂಥದೇ ನಿಯಮ ಕೊಟ್ಟರು. ಹಾರ್ವರ್ಡಿನಲ್ಲೇ ಇದ್ದ ಲೂಯಿಸ್ ಫೀಸರ್ ಮತ್ತು ಅವರ ಪತ್ನಿ ಮೇರಿ ಫೀಸರ್ ಇದನ್ನು ಮುಂದೆ ಬೆಳೆಸಿದರು. ಇಂದು ಬಿ.ಎಸ್ಸಿ. ಪಠ್ಯದಲ್ಲಿ ವುಡ್‌ವರ್ಡ್–ಫೀಸರ್ ನಿಯಮ ಎಂದು ಬರುವುದು ಇದೇ.

ಒಂದು ಲೆಕ್ಕ ಮಾಡಿ ನೋಡೋಣ. ಮೆಸಿಟೈಲ್ ಆಕ್ಸೈಡ್ ಎಂಬ ದ್ರವದಲ್ಲಿ 6 ಕಾರ್ಬನ್, 10 ಹೈಡ್ರೋಜನ್, 1 ಆಕ್ಸಿಜನ್ ಇವೆ. ಇದರಲ್ಲಿ ದ್ವಿಬಂಧ ಕೀಟೋನಿನ ಪಕ್ಕದಲ್ಲೇ ಇದೆ, ಅದರ ದೂರದ ತುದಿಯಲ್ಲಿ ಎರಡು ಮಿಥೈಲ್ ಗುಂಪುಗಳಿವೆ. ಈಗ ಬಳಕೆಯಲ್ಲಿರುವ ನಿಯಮದಂತೆ ಮೂಲ ಅಂಕಿ 215. ದೂರದ ತುದಿಯಲ್ಲಿರುವ, ಅಂದರೆ ಬೀಟಾ ಸ್ಥಾನದ ಪ್ರತಿ ಗುಂಪಿಗೆ 12 ಸೇರಿಸಬೇಕು. ಎರಡು ಗುಂಪಿಗೆ 24. ಒಟ್ಟು 239. ಆಲ್ಕೊಹಾಲಿನಲ್ಲಿ ಕರಗಿಸಿ ಉಪಕರಣದಲ್ಲಿ ಅಳೆದರೆ ಬರುವುದು ಸುಮಾರು 237. ಕಾಗದದ ಮೇಲಿನ ಕೂಡಿಕೆಗೂ ಉಪಕರಣದ ಮುಳ್ಳಿಗೂ ನಡುವಿನ ಅಂತರ ಎರಡೇ ಎರಡು!

ಈಗ ಅದೇ ಪರಮಾಣುಗಳಿರುವ ಇನ್ನೊಂದು ವಸ್ತುವನ್ನು ನೋಡಿ. ಅದರಲ್ಲಿ ದ್ವಿಬಂಧ ಕೀಟೋನಿನಿಂದ ಒಂದು ಮನೆ ದೂರ ಸರಿದಿದೆ. ಸಂಯುಗ್ಮನ ತಪ್ಪಿತು. 239ರ ಹತ್ತಿರದ ಪ್ರಬಲ ಹೀರಿಕೆ ಇಲ್ಲವಾಗುತ್ತದೆ. ಅವಗೆಂಪು ರೋಹಿತವೂ ಸಾಕ್ಷಿ ಹೇಳುತ್ತದೆ. ಮೊದಲನೆಯದರಲ್ಲಿ ಕಾರ್ಬನ್-ಆಕ್ಸಿಜನ್ ದ್ವಿಬಂಧ ಸುಮಾರು 1690ರಲ್ಲಿ ಕಂಪಿಸಿದರೆ ಎರಡನೆಯದರಲ್ಲಿ ಸುಮಾರು 1715ರಲ್ಲಿ. ಎರಡು ಬೇರೆ ಬೇರೆ ಬೆಳಕು, ಎರಡು ಬೇರೆ ಬೇರೆ ಸಾಕ್ಷಿ, ಒಂದೇ ತೀರ್ಪು.

ಕಾಲವೂ ಕೂಡಿಬಂತು. 1941ರಲ್ಲೇ ಅರ್ನಾಲ್ಡ್ ಬೆಕ್‌ಮನ್ ಅವರ ಕಂಪನಿ ಅತಿನೇರಳೆ ಹೀರಿಕೆಯನ್ನು ನಿಮಿಷಗಳಲ್ಲಿ ಅಳೆಯುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಅವಗೆಂಪು ಉಪಕರಣಗಳೂ ಬೆನ್ನಿಗೇ ಬಂದವು. ಅಳೆಯುವುದು ಸುಲಭವಾದ ಹೊತ್ತಿಗೆ ಅಳೆದದ್ದನ್ನು ಓದುವ ನಿಯಮವೂ ಕೈಯಲ್ಲಿತ್ತು.

ಯುದ್ಧಕಾಲದ ಎರಡು ಮದ್ದು

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನ್ ಜಾವಾ ದ್ವೀಪವನ್ನು ಹಿಡಿಯಿತು. ಜಗತ್ತಿನ ಕ್ವಿನೈನಿನ ಬಹುಪಾಲು ಬರುತ್ತಿದ್ದದ್ದು ಅಲ್ಲಿನ ಡಚ್ಚರ ಸಿಂಕೋನಾ ತೋಟಗಳಿಂದ. ಮಲೇರಿಯಾ ಪ್ರದೇಶಗಳಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ ಕ್ವಿನೈನ್ ಸಿಗುವುದು ಕಷ್ಟವಾಯಿತು. ವುಡ್‌ವರ್ಡ್ ಮತ್ತು ಅವರ ಜೊತೆಗಾರ ವಿಲಿಯಂ ಡೋರಿಂಗ್ ಪೊಲರಾಯ್ಡ್ ಕಂಪನಿಯ ನೆರವಿನಿಂದ 1943ರಲ್ಲಿ ಕೆಲಸ ಶುರು ಮಾಡಿ, 1944ರ ಏಪ್ರಿಲ್‌ನಲ್ಲಿ ಗುರಿ ಮುಟ್ಟಿದ್ದಾಗಿ ಪ್ರಕಟಿಸಿದರು.

ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅವರಿಬ್ಬರು ಕಟ್ಟಿದ್ದು ಕ್ವಿನೊಟಾಕ್ಸಿನ್ ಎಂಬ ವಸ್ತುವನ್ನು. ಅದರಿಂದ ಕ್ವಿನೈನ್ ಮಾಡಬಹುದೆಂದು ಜರ್ಮನಿಯ ರಾಬೆ ಮತ್ತು ಕಿಂಡ್ಲರ್ 1918ರಲ್ಲಿ ಬರೆದಿದ್ದರು. ಆ ಕೊನೆಯ ಮೆಟ್ಟಿಲನ್ನು ವುಡ್‌ವರ್ಡ್ ತಂಡ ತಾನೇ ಹತ್ತಿ ತೋರಿಸಲಿಲ್ಲ. 2001ರಲ್ಲಿ ಗಿಲ್ಬರ್ಟ್ ಸ್ಟಾರ್ಕ್ ಎಂಬ ಹಿರಿಯ ವಿಜ್ಞಾನಿ ಇದನ್ನು ಎತ್ತಿ ತೋರಿಸಿದರು. 2008ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹಳೆಯ ಕಾಲದ ವಿಧಾನದಿಂದಲೇ ಆ ಮೆಟ್ಟಿಲು ನಿಜವೆಂದು ತೋರಿಸಿದ ಮೇಲೆ ಚರ್ಚೆ ತಣ್ಣಗಾಯಿತು. ಅಷ್ಟಾಗಿ, ಈ ವಿಧಾನದಿಂದ ಕಾರ್ಖಾನೆಯಲ್ಲಿ ಕ್ವಿನೈನ್ ಎಂದೂ ತಯಾರಾಗಲಿಲ್ಲ. ಮರದ ತೊಗಟೆಯೇ ಅಗ್ಗ.

ಪೆನಿಸಿಲಿನ್ ಕಥೆ ಬೇರೆ. ಮದ್ದು ಕೆಲಸ ಮಾಡುತ್ತಿತ್ತು, ಅಣುವಿನ ಆಕಾರ ಮಾತ್ರ ಗೊತ್ತಿರಲಿಲ್ಲ. ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೇನ್ ಅದರಲ್ಲಿ ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರವಿದೆ ಎಂದರು. ಅದಕ್ಕೆ ಬೀಟಾ ಲ್ಯಾಕ್ಟಮ್ ಎಂದು ಹೆಸರು. ಆ ಕಾಲದ ಘಟಾನುಘಟಿ ರಾಬರ್ಟ್ ರಾಬಿನ್ಸನ್ ಒಪ್ಪಲಿಲ್ಲ. ಅಷ್ಟು ಬಿಗಿದ ಉಂಗುರ ಇರಲಾರದು ಎಂಬುದು ಹಲವರ ಅನಿಸಿಕೆ. ವುಡ್‌ವರ್ಡ್ ಆಗಿನ್ನೂ ಮೂವತ್ತು ತುಂಬದವರು. ಅವರು ಉಂಗುರದ ಪಕ್ಷವನ್ನೇ ಹಿಡಿದು ವಾದಿಸಿದರು.

ಇಲ್ಲಿ ಅವಗೆಂಪು ರೋಹಿತದ ಸಾಕ್ಷಿಯೂ ಬಂತು. ವೀಣೆಯ ತಂತಿಯನ್ನು ಬಿಗಿದಷ್ಟೂ ಶ್ರುತಿ ಏರುತ್ತದೆ. ಉಂಗುರ ಬಿಗಿಯಾದಂತೆ ಅದರಲ್ಲಿರುವ ಕಾರ್ಬನ್-ಆಕ್ಸಿಜನ್ ಬಂಧದ ಕಂಪನವೂ ಹಾಗೆಯೇ ಏರುತ್ತದೆ. ಸಾಮಾನ್ಯ ಅಮೈಡುಗಳಲ್ಲಿ ಅದು 1650ರಿಂದ 1690ರ ಸುಮಾರಿಗೆ ಕಂಡರೆ, ಪೆನಿಸಿಲಿನ್‌ನ ಉಂಗುರದಲ್ಲಿ 1770ನ್ನು ದಾಟುತ್ತದೆ. 1945ರಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಎಕ್ಸ್-ಕಿರಣದ ಅಧ್ಯಯನ ಉಂಗುರವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿತು. ಇಂದು ಆಸ್ಪತ್ರೆಯಲ್ಲಿ ಕೊಡುವ ಅಮಾಕ್ಸಿಸಿಲಿನ್ ಮಾತ್ರೆಯಲ್ಲೂ ಅದೇ ನಾಲ್ಕು ಮೂಲೆಯ ಉಂಗುರವಿದೆ. ರೋಗಾಣುವನ್ನು ಕೊಲ್ಲುವ ಶಕ್ತಿ ಇರುವುದೂ ಅದರ ಆ ಬಿಗಿತದಲ್ಲೇ.

ಕಾಸರಕ, ಸರ್ಪಗಂಧಿ, ಮತ್ತೊಂದು ಹೊಸ ಅಣು

1940ರ ದಶಕದ ಕೊನೆಗೆ ಸ್ಟ್ರಿಕ್ನಿನ್‌ನ ರಚನೆ ಖಚಿತವಾಯಿತು. ಅದರಲ್ಲಿ ರಾಬಿನ್ಸನ್ ಅವರ ಪಾಲು ದೊಡ್ಡದು, ವುಡ್‌ವರ್ಡ್ ಅವರ ಪಾಲೂ ಇತ್ತು. 1954ರಲ್ಲಿ ವುಡ್‌ವರ್ಡ್ ತಂಡ ಆ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿ ಮುಗಿಸಿತು. ಏಳು ಉಂಗುರಗಳು ಒಂದರೊಳಗೊಂದು ಸಿಕ್ಕಿಕೊಂಡ ಅಣು ಅದು.

ಸರ್ಪಗಂಧಿಯ ಬೇರು ರಕ್ತದೊತ್ತಡ ಇಳಿಸುತ್ತದೆ ಎಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಬರೆದು ಹೊರಜಗತ್ತಿಗೆ ತಿಳಿಸಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. 1956ರಲ್ಲಿ ವುಡ್‌ವರ್ಡ್ ಅದನ್ನೂ ಕಟ್ಟಿದರು. ನಮ್ಮ ನಾಟಿ ವೈದ್ಯರ ಬೇರು ಮುಂಬಯಿ, ಬಾಸೆಲ್, ಹಾರ್ವರ್ಡ್ ದಾರಿಯಲ್ಲಿ ಏಳೆಂಟು ವರ್ಷಗಳಲ್ಲಿ ಸಾಗಿದ ಪ್ರಯಾಣ ಇದು.

ಕಟ್ಟಿದ ಅಣು ನಿಸರ್ಗದ ಅಣುವೇ ಎಂದು ಹೇಗೆ ತಿಳಿಯುವುದು? ಇಂಥ ಕೆಲಸಗಳಲ್ಲಿ ಅವಗೆಂಪು ರೋಹಿತ ಬೆರಳಚ್ಚಿನ ಪಾತ್ರ ವಹಿಸುತ್ತದೆ. ಗಿಡದಿಂದ ತೆಗೆದ ವಸ್ತುವಿನ ನಕ್ಷೆಯ ಪಕ್ಕದಲ್ಲಿ ಪ್ರಯೋಗಾಲಯದ ವಸ್ತುವಿನ ನಕ್ಷೆಯನ್ನಿಡುತ್ತಾರೆ. 1500ಕ್ಕಿಂತ ಕೆಳಗಿನ ಭಾಗದಲ್ಲಿ ಗೀಟುಗಳು ದಟ್ಟ, ಪ್ರತಿ ವಸ್ತುವಿಗೂ ಬೇರೆ. ಅಲ್ಲಿನ ಏರಿಳಿತ ಒಂದೂ ತಪ್ಪದೆ ಹೊಂದಿದರೆ ಗುರುತು ಸಿಕ್ಕಂತೆ.

ರೋಹಿತವನ್ನು ಎಷ್ಟು ಸರಳವಾಗಿ ಓದಬಹುದು ಎಂಬುದಕ್ಕೆ ಫೆರೊಸೀನ್ ಸಾಕ್ಷಿ. 1951ರಲ್ಲಿ ಸಿಕ್ಕಿದ ಈ ಕಿತ್ತಳೆ ಬಣ್ಣದ ವಸ್ತುವಿನಲ್ಲಿ ಒಂದು ಕಬ್ಬಿಣದ ಪರಮಾಣು, ಐದೈದು ಕಾರ್ಬನ್‌ಗಳ ಎರಡು ಉಂಗುರಗಳು. ಕಬ್ಬಿಣ ಯಾವುದೋ ಒಂದು ಕಾರ್ಬನ್‌ಗೆ ಅಂಟಿದ್ದರೆ ಹೈಡ್ರೋಜನ್‌ಗಳು ಒಂದೇ ತರಹ ಇರಲಾರವು. ಆದರೆ ಕಾರ್ಬನ್-ಹೈಡ್ರೋಜನ್ ಬಂಧಗಳ ಜಾಗದಲ್ಲಿ ಅವಗೆಂಪು ರೋಹಿತ ತೋರಿಸಿದ್ದು ಒಂದೇ ಒಂದು ಗೀಟು. ಅಂದರೆ ಹತ್ತೂ ಹೈಡ್ರೋಜನ್ ಸಮಾನ. ಕಬ್ಬಿಣ ಎರಡು ಉಂಗುರಗಳ ನಡುವೆ, ಎರಡು ರೊಟ್ಟಿಗಳ ನಡುವಿನ ಪಲ್ಯದಂತೆ ಕೂತಿದೆ ಎಂದು ವುಡ್‌ವರ್ಡ್ ಮತ್ತು ಜೆಫ್ರಿ ವಿಲ್ಕಿನ್ಸನ್ ಇತರರೊಂದಿಗೆ 1952ರಲ್ಲಿ ಬರೆದರು. ಜರ್ಮನಿಯ ಅರ್ನ್‌ಸ್ಟ್ ಫಿಷರ್ ಕೂಡ ಪ್ರತ್ಯೇಕವಾಗಿ ಅಲ್ಲಿಗೇ ಬಂದರು. ಈ ಕ್ಷೇತ್ರಕ್ಕೆ 1973ರ ನೊಬೆಲ್ ಫಿಷರ್ ಮತ್ತು ವಿಲ್ಕಿನ್ಸನ್ ಅವರಿಗೆ ಬಂದಾಗ ವುಡ್‌ವರ್ಡ್ ಅವರಿಗೆ ನೋವಾಯಿತು. ನೊಬೆಲ್ ಸಮಿತಿಗೆ ಆಕ್ಷೇಪ ಪತ್ರವನ್ನೂ ಬರೆದರು.

ನೀಲಿ ಟೈಯ ಮೇಷ್ಟ್ರು

ವುಡ್‌ವರ್ಡ್ ಅವರಿಗೆ ನೀಲಿ ಬಣ್ಣವೆಂದರೆ ಪ್ರಾಣ. ನೀಲಿ ಸೂಟು, ನೀಲಿ ಟೈ ಅವರ ಗುರುತಾಗಿತ್ತು. ಅವರ ಕಾರು ನಿಲ್ಲಿಸುವ ಜಾಗಕ್ಕೂ ನೀಲಿ ಬಣ್ಣ ಬಳಿಯಲಾಗಿತ್ತು. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣಗಳಲ್ಲಿ ಅಣುಗಳ ಚಿತ್ರವನ್ನು ಅಚ್ಚುಕಟ್ಟಾಗಿ ಬರೆಯುತ್ತ, ಟಿಪ್ಪಣಿ ನೋಡದೆ, ಗಂಟೆಗಟ್ಟಲೆ ಉಪನ್ಯಾಸ ಕೊಡುತ್ತಿದ್ದರು. ಅವರ ಗುರುವಾರದ ವಿಚಾರಗೋಷ್ಠಿಗಳು ರಾತ್ರಿ ಬಹಳ ಹೊತ್ತಿನವರೆಗೆ ನಡೆಯುತ್ತಿದ್ದವು. ನಿದ್ರೆ ಕಡಿಮೆ, ಸಿಗರೇಟು ಹೆಚ್ಚು, ವ್ಯಾಯಾಮ ಎಂಬುದು ಇಲ್ಲವೇ ಇಲ್ಲ. ಎರಡು ಮದುವೆಗಳಾದವು, ನಾಲ್ವರು ಮಕ್ಕಳು.

1960ರಲ್ಲಿ ಎಲೆಯ ಹಸಿರು ಕ್ಲೋರೊಫಿಲ್ ಅನ್ನು ಕಟ್ಟಿದರು. 1965ರಲ್ಲಿ ನೊಬೆಲ್ ಬಂತು. ಅದೇ ವರ್ಷ ರೋಆಲ್ಡ್ ಹಾಫ್‌ಮನ್ ಎಂಬ ತರುಣನ ಜೊತೆ, ಕೆಲವು ರಸಾಯನ ಕ್ರಿಯೆಗಳು ಏಕೆ ಒಂದೇ ದಿಕ್ಕಿನಲ್ಲಿ ನಡೆಯುತ್ತವೆ ಎಂದು ವಿವರಿಸುವ ನಿಯಮಗಳನ್ನು ಪ್ರಕಟಿಸಿದರು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಎಶೆನ್‌ಮೋಸರ್ ಅವರೊಂದಿಗೆ ಸೇರಿ ವಿಟಮಿನ್ ಬಿ12ರ ಅಣುವನ್ನು ಕಟ್ಟುವ ಕೆಲಸ 1972ರಲ್ಲಿ ಮುಗಿಯಿತು. ಎರಡು ದೇಶಗಳ ಪ್ರಯೋಗಾಲಯಗಳಲ್ಲಿ ನೂರರಷ್ಟು ಮಂದಿ ಹತ್ತಕ್ಕೂ ಹೆಚ್ಚು ವರ್ಷ ದುಡಿದ ಕೆಲಸ ಅದು.

1979ರ ಜುಲೈ 8ರಂದು ನಿದ್ರೆಯಲ್ಲೇ ಹೃದಯಾಘಾತವಾಗಿ ವುಡ್‌ವರ್ಡ್ ತೀರಿಕೊಂಡರು. ವಯಸ್ಸು 62. ಎರಿತ್ರೊಮೈಸಿನ್ ಎಂಬ ಮದ್ದಿನ ಅಣುವನ್ನು ಕಟ್ಟುವ ಕೆಲಸ ಅರ್ಧದಲ್ಲಿತ್ತು, ಅದನ್ನು ಅವರ ತಂಡದವರು ಮುಗಿಸಿ 1981ರಲ್ಲಿ ಪ್ರಕಟಿಸಿದರು. ಅದೇ ವರ್ಷ ಹಾಫ್‌ಮನ್ ಅವರಿಗೆ, ಜಪಾನಿನ ಕೆನಿಚಿ ಫುಕುಯಿ ಜೊತೆಯಲ್ಲಿ, ನೊಬೆಲ್ ಬಂತು. ವುಡ್‌ವರ್ಡ್ ಬದುಕಿದ್ದರೆ ಅದು ಅವರ ಎರಡನೆಯ ನೊಬೆಲ್ ಆಗುತ್ತಿತ್ತೆಂದು ನಂಬುವವರು ಬಹಳ.

ನಮ್ಮ ತರಗತಿಗೆ

ಅವರ ಕಾಲದ ಬಳಿಕ ಅಣುವನ್ನು ಗುರುತಿಸಲು ಇನ್ನೂ ಬಲವಾದ ವಿಧಾನಗಳು ಬಂದಿವೆ. ಆದರೂ ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಯಲ್ಲಿ ಅವಗೆಂಪು ಮತ್ತು ಅತಿನೇರಳೆ ಉಪಕರಣಗಳು ಇಂದಿಗೂ ನಿತ್ಯದ ಕೆಲಸದಲ್ಲಿವೆ. ಫಾರ್ಮಸಿ, ಬಿ.ಎಸ್ಸಿ. ಓದಲು ಹೋಗುವ ನಮ್ಮ ಮಕ್ಕಳು ಅವುಗಳ ಮುಂದೆ ನಿಲ್ಲಲೇಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿ ತಡವರಿಸುವುದು ವಿಜ್ಞಾನಕ್ಕಲ್ಲ, ಹೆಸರುಗಳಿಗೆ. ಆದ್ದರಿಂದ ಹೈಸ್ಕೂಲಿನಲ್ಲೇ ಜೋಡಿ ಮಾಡಿಕೊಳ್ಳಿ. ನಮ್ಮ ರೋಹಿತವೇ ಅಲ್ಲಿನ ಸ್ಪೆಕ್ಟ್ರಮ್. ಅವಗೆಂಪು ಅಲ್ಲಿ ಇನ್‌ಫ್ರಾರೆಡ್, ಅತಿನೇರಳೆ ಅಲ್ಟ್ರಾವೈಲೆಟ್. ಹೀರಿಕೆ ಅಬ್ಸಾರ್ಪ್ಶನ್, ದ್ವಿಬಂಧ ಡಬಲ್ ಬಾಂಡ್, ಸಂಯುಗ್ಮನ ಕಾಂಜುಗೇಶನ್, ತರಂಗಸಂಖ್ಯೆ ವೇವ್‌ನಂಬರ್. ಏಳು ಜೋಡಿ ಪದ, ಒಂದು ಸಂಜೆಯ ಕೆಲಸ. ಕ್ವಿನ್ಸಿಯ ಹುಡುಗ ಜರ್ಮನ್ ಸಂಚಿಕೆಯನ್ನು ಬಿಡಿಸಿ ಓದಿದ್ದೂ ಹೀಗೆ, ಗೊತ್ತಿದ್ದ ವಿಷಯವನ್ನು ಹಿಡಿದುಕೊಂಡು ಗೊತ್ತಿಲ್ಲದ ಪದದ ಕಡೆಗೆ.

ಶಿಕ್ಷಕರಿಗೊಂದು ಸೂಚನೆ. ಉಪಕರಣ ಶಾಲೆಯಲ್ಲಿರುವುದಿಲ್ಲ, ಪರವಾಗಿಲ್ಲ. ಎಥನಾಲಿನ ಮತ್ತು ಅಸಿಟೋನಿನ ಅವಗೆಂಪು ರೋಹಿತದ ಅಚ್ಚಾದ ಪ್ರತಿಗಳನ್ನು ಹತ್ತಿರದ ಕಾಲೇಜಿನಿಂದ ತಂದು, ಹೆಸರು ಮುಚ್ಚಿ, ಮಕ್ಕಳ ಮುಂದಿಡಿ. 3300ರ ಸುತ್ತ ಅಗಲವಾದ ಗುಂಡಿ ಯಾವುದರಲ್ಲಿದೆ, 1715ರಲ್ಲಿ ಚೂಪಾದ ಗೀಟು ಯಾವುದರಲ್ಲಿದೆ ಎಂದು ಕೇಳಿ. ಯಾವುದು ಯಾವುದೆಂದು ಅವರೇ ಹೇಳಲಿ.